ಜುನೈದನ ಕಾರಿನ ಎಣ್ಣೆ ಮೀಟರು

ಮಂಡ್ಯದಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದ ಜುನೈದ್, ಹಳೆಯದಾದರೂ ಹುಲಿಯಂತೆ ಗರ್ಜಿಸುವ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಕೊಂಡ ಮೇಲೆ ಹಾಸಿಗೆಯಲ್ಲಿ ನೆಟ್ಟಗೆ ಮಲಗಿದ್ದೇ ಇಲ್ಲ! ಒಂದು ಬೆಳಿಗ್ಗೆ ಘೋಷಿಸಿಯೇ ಬಿಟ್ಟ:

“ಇಂಜಿನ್ ಎಣ್ಣೆ ಬಿಸಿ ತೋರ್ಸೋ ಮೀಟರ್ ತರಿಸಿವ್ನಿ. ನಾನೇ ಕೂರಿಸ್ತೀನಿ. ಎಣ್ಣೆ ಎಷ್ಟ್ ಕಾದದೆ ಅಂತ ನೋಡ್ದೆ ಯಾರಾದ್ರೂ ವಡೆ ಬುಡ್ತಾರಾ?”

ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹೆಂಡತಿ ಶಬ್ರೀನ್ ಡ್ಯೂಟಿಗೆ ಹೊರಟವಳು ತಿರುಗಿ ನಿಂತಳು. “ಅದುಕ್ ಮೀಟರ್ ಯಾಕೆ? ನಾಕು ಸಾಸ್ವೆ ಹಾಕಿ. ಚಟಪಟ ಅಂದ್ರೆ ಕಾದದೆ ಅಂತ!”

ಮಹಾವೀರರು ಇಂಥ ಮಾತಿಗೆ ಜಗ್ಗುವುದುಂಟೇ? ಜುನೈದ್ ಕಾರಿನಡಿ ನುಗ್ಗಿದ. ಎಣ್ಣೆ ಸ್ವಲ್ಪ ಅವನ ಗಡ್ಡಕ್ಕೆ, ಸ್ವಲ್ಪ ಒಣಹಾಕಿದ್ದ ದುಪಟ್ಟಾಕ್ಕೆ ಹೋಯಿತು. ಆದರೂ ಸಂಜೆ ಹೊತ್ತಿಗೆ ಸ್ಟೇರಿಂಗ್ ಪಕ್ಕದಲ್ಲಿ ದುಂಡು ಮೀಟರು ಮದುಮಗಳ ಬೈತಲೆ ಬೊಟ್ಟಿನಂತೆ ಮಿಂಚಿತು!

ಮರುದಿನ ಮಳವಳ್ಳಿಯಲ್ಲಿ ಶಬ್ರೀನಳ ತಮ್ಮ ಅತೀಕನ ನಿಕಾಹ್. ಮನೆಯಿಂದ ಶಾದಿಮಹಲಿಗೆ ಭಾವನ ಕೆಂಪು ಕಾರಿನಲ್ಲೇ ಹೋಗಬೇಕೆಂದು ಮದುಮಗನ ಹಟ. ಗಂಡ ಹೆಂಡತಿ ಬೆಳಿಗ್ಗೆಯೇ ಹೊರಟರು.

ಗೆಜ್ಜಲಗೆರೆ ಹತ್ತಿರ ಜುನೈದ್ ಚೀರಿದ. “ಇನ್ನೂರು! ನೀರು ಕುದಿಯೋದೇ ನೂರಕ್ಕೆ ಕಣೇ! ನಮ್ದು ಇನ್ನೂರಾಗದೆ!”

ಕಾರು ನಿಂತಿತು, ಬಾನೆಟ್ ತೆರೆಯಿತು. ಹೊಗೆಯೂ ಇಲ್ಲ, ವಾಸನೆಯೂ ಇಲ್ಲ.

“ಒಳಗೊಳಗೇ ಬೇಯ್ತಾ ಅದೆ,” ಎಂದ ಜುನೈದ್ ಡಾಕ್ಟರನಂತೆ.

ಇಂಜಿನ್ ಆರಲೆಂದು ಇಬ್ಬರೂ ಬಿಸಿಲಿನಲ್ಲಿ ಕಾದರು. ಎರಡೂ ಅರ್ಥದಲ್ಲಿ ಕಾದರು! ಮುಳ್ಳು ಇಳಿಯಿತು, ಹೊರಟರು. ಮದ್ದೂರು ಬರುವಷ್ಟರಲ್ಲಿ ಮತ್ತೆ ಇನ್ನೂರು! ಇಂಜಿನ್ನಿನ ಬಿಸಿ ಹೊರಗೆಳೆಯಲು ಜುನೈದ್ ಏಸಿ ಆರಿಸಿ, ಆ ಏಪ್ರಿಲ್ ಸೆಕೆಯಲ್ಲಿ ಹೀಟರ್ ಹಾಕಿದ! ಶಬ್ರೀನಳ ಕಾಡಿಗೆ ಕೆನ್ನೆಗಿಳಿಯಿತು, ಪೌಡರು ಕೊರಳಿಗಿಳಿಯಿತು. ಕಬ್ಬಿನ ಟ್ರಾಕ್ಟರೊಂದು ಹಾರ್ನ್ ಹೊಡೆದು ಸ್ಪೋರ್ಟ್ಸ್ ಕಾರನ್ನು ಹಿಂದೆ ಹಾಕಿತು.

ಅತೀಕನ ಫೋನು. “ಭಾವಾ, ಎಲ್ಲಿದ್ದೀರಾ? ಖಾಜಿಗಳು ಬಂದ್ ಕೂತವ್ರೆ!”

“ಆರಿಸ್ಕೊಂಡು ಆರಿಸ್ಕೊಂಡು ಬತ್ತಾ ಇವ್ನಿ ಕಣ್ಲಾ!”

“ಅದೇನ್ ಕಾರಾ, ಟೀನಾ?”

ಮತ್ತೊಮ್ಮೆ ನಿಂತಾಗ ಶಬ್ರೀನ್ ಬೆವರೊರೆಸಿಕೊಳ್ಳುತ್ತ ಮೀಟರಿಗೆ ಮುಖವಿಟ್ಟು ನೋಡಿದಳು.

“ರೀ, ಮೂಲೇಲಿ ಸಣ್ಣದಾಗಿ ಎಫ್ ಅಂತ ಅದಲ್ಲ?”

“ಹೂಂ, ಫಸ್ಟ್ ಕ್ಲಾಸ್ ಅಂತ.”

“ಫ್ಯಾರನ್‌ಹೀಟ್ ಕಣ್ರೀ! ನಾವು ಜ್ವರ ನೋಡೋ ಲೆಕ್ಕ! ಜ್ವರ ನೂರು ದಾಟ್ದೋರೆಲ್ಲ ಕುದ್ದು ಉಕ್ಕೋಯ್ತಾರಾ?”

ಜುನೈದ್ ಮೆಲ್ಲಗೆ ಹೀಟರ್ ಆರಿಸಿದ. ಆ ಲೆಕ್ಕದಲ್ಲಿ ನೀರು ಕುದಿಯಲಿಕ್ಕೂ ಇನ್ನೂರು ಸಾಲದು! ಎಣ್ಣೆ ಇರಬೇಕಾದ ಹದದಲ್ಲೇ ಇತ್ತು.

ಮಳವಳ್ಳಿ ಮುಟ್ಟಿದಾಗ ನಿಕಾಹ್ ಮುಗಿದಿತ್ತು. ದಾರಿ ನೋಡಿ ಸೋತ ಮದುಮಗ ಲಗೇಜ್ ಆಟೋ ಹತ್ತಿ, ಬಿರಿಯಾನಿ ಡೇಕ್ಸಾವನ್ನು ತಬ್ಬಿಕೊಂಡೇ ಶಾದಿಮಹಲಿಗೆ ಬಂದಿದ್ದನಂತೆ! ಶೇರ್ವಾನಿಯಲ್ಲಿ ಅತ್ತರಿಗಿಂತ ಮಸಾಲೆ ಘಮಘಮ! ಶಬ್ರೀನ್ ನಡೆದದ್ದನ್ನು ಒಬ್ಬರನ್ನೂ ಬಿಡದೆ ಎಲ್ಲರಿಗೂ ಹೇಳಿದಳು.

ಊಟಕ್ಕೆ ಕೂತಾಗ ಎಲ್ಲರ ಮುಂದೆ ಬಿರಿಯಾನಿ. ಅತ್ತೆ ನಜ್ಮುನ್ನೀಸಾ ಮಾತ್ರ ಅಳಿಯನ ಮುಂದೆ ಒಂದು ಬಟ್ಟಲು ಗಂಜಿ ತಂದಿಟ್ಟರು.

“ಇದೇನಮ್ಮೀ?”

“ಇನ್ನೂರು ಜ್ವರ ಬಂದಿತ್ತಂತಲ್ಲ ಮಗಾ. ಮೊದ್ಲು ಕಾರಿಗೆ ಕುಡಿಸು, ಉಳುದ್ರೆ ನೀನೂ ಕುಡಿ!”