ಪೂವಪ್ಪನ ಎಣ್ಣೆಯ ಅಜ್ಜಿ

"ದೋಣಿಗಳ ಮೂತಿಗೆ ಹೆಸರು ಬರೆದದ್ದು ಸಾಕು. ಇನ್ನು ಮನುಷ್ಯರ ಮೋರೆ ಬರೀತೇನೆ," ಎಂದು ಹೊಯಿಗೆಬಜಾರಿನ ಪೂವಪ್ಪ ಹೆಂಡತಿಯೆದುರು ಘೋಷಿಸಿದ. "ಸಾಹುಕಾರರೆಲ್ಲ ನನ್ನೆದುರು ಬಂದು ಕೂರಬೇಕು, ನೋಡು."

"ಕೂರಲಿ. ಕೂರಿಸಲಿಕ್ಕೆ ಹರಿಯದ ಒಂದು ಚಾಪೆಯಾದರೂ ಉಂಟಾ?" ಎಂದಳು ಹರಿಣಾಕ್ಷಿ.

ಜೆಪ್ಪುವಿನಲ್ಲಿ ಭಾವಚಿತ್ರ ಬರೆಯುವ ಗ್ರೆಗರಿ ಮಾಸ್ಟ್ರು ಶಿಷ್ಯರನ್ನು ಸುಲಭದಲ್ಲಿ ಒಪ್ಪುವ ಜನವಲ್ಲ. ಮುನ್ನೂರು ವರ್ಷದ ಹಿಂದೆ ಯಾರೋ ಡಚ್ ಮಹಾಶಯ ಬರೆದ, ಬಿಳಿ ಟೊಪ್ಪಿಯ ಅಜ್ಜಿಯ ಅಚ್ಚುಚಿತ್ರವೊಂದನ್ನು ಕಲಿಯಲು ಬಂದ ಪೂವಪ್ಪನ ಕೈಗೆ ಕೊಟ್ಟು, "ಇದನ್ನು ನಕಲು ಮಾಡು. ಬಣ್ಣದ ಪುಡಿಯನ್ನು ಎಣ್ಣೆಯಲ್ಲಿ ಅರೆ. ಆದಿತ್ಯವಾರ ಇಗರ್ಜಿಯಿಂದ ಹಾಗೇ ಬಂದು ನೋಡ್ತೇನೆ. ಜೀವ ಕಂಡರೆ ಶಿಷ್ಯ, ಇಲ್ಲದಿದ್ದರೆ ನಿನಗೆ ದೋಣಿಯೇ ಗತಿ ಮಾರಾಯ," ಎಂದರು.

ಯಾವ ಎಣ್ಣೆಯೆಂದು ಮಾಸ್ಟ್ರು ಹೇಳಲಿಲ್ಲ. ಅಗಸೆ ಎಣ್ಣೆಯೆಂದು ಲೋಕಕ್ಕೇ ಗೊತ್ತೆಂಬುದು ಅವರ ನಂಬಿಕೆ. ಪೂವಪ್ಪ ಕೇಳಲೂ ಇಲ್ಲ. ಅವನ ಮನೆಯಲ್ಲಿ ಬಳಿಯುವ ಎಣ್ಣೆ ಎಂದರೆ ಒಂದೇ, ದೋಣಿಗೆ ಹಚ್ಚುವ ಬೂತಾಯಿ ಮೀನಿನ ಎಣ್ಣೆ.

"ಉಪ್ಪುನೀರಿನಲ್ಲಿ ದೋಣಿಯನ್ನೇ ಹತ್ತು ವರ್ಷ ಕಾಪಾಡುವ ಎಣ್ಣೆ, ಒಂದು ಮುದುಕಿಯನ್ನು ಕಾಪಾಡುವುದಿಲ್ವಾ?" ಎಂದು ಅವನ ವಾದ.

ಹಳೆಯ ಹಾಯಿಬಟ್ಟೆ ಬಿಗಿದು ಐದು ದಿನ ಬರೆದ. ಟೊಪ್ಪಿ ಹೇಗೋ ಬಂತು. ಕೆನ್ನೆ ಮಾತ್ರ ಹಲಗೆಯಂತೆ ಚಪ್ಪಟೆ. ಹಟ ಹಿಡಿದು ಬಣ್ಣಕ್ಕೆ ಇನ್ನೊಂದು ಸೌಟು ಎಣ್ಣೆ ಸುರಿದ. ಹರಿಣಾಕ್ಷಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು ನೋಡಿದಳು.

"ಇದು ಬರೆದ ಅಜ್ಜಿಯಾ, ಹುರಿದ ಅಜ್ಜಿಯಾ?"

ಆದಿತ್ಯವಾರ ಬೆಳಿಗ್ಗೆ ಚಿತ್ರವನ್ನು ಜಗಲಿಯಲ್ಲಿ ಒಣಗಲಿಟ್ಟು ಪೂವಪ್ಪ ಸ್ನಾನಕ್ಕೆ ಹೋದ. ಬಂದು ನೋಡಿದರೆ ಮನೆಯ ಬೆಕ್ಕು ಬೊಳ್ಳಿ ಹಿಂಗಾಲ ಮೇಲೆ ನಿಂತು ಅಜ್ಜಿಯ ಎಡಗೆನ್ನೆಯನ್ನು ಪರಮಭಕ್ತಿಯಿಂದ ನೆಕ್ಕುತ್ತಿತ್ತು. ಓಡಿಸುವಷ್ಟರಲ್ಲಿ ಅಂಗಳದಲ್ಲಿ ಮಾಸ್ಟ್ರ ಕೊಡೆ ಕಾಣಿಸಿತು. ಐದು ದಿನದ ಆಸೆಯೆಲ್ಲ ಬೆಕ್ಕಿನ ಹೊಟ್ಟೆ ಸೇರಿತ್ತು.

ಮಾಸ್ಟ್ರು ಮೂಗಿಗೆ ಕರ್ಚೀಫು ಹಿಡಿದು ಬಹಳ ಹೊತ್ತು ನೋಡಿದರು.

"ಟೊಪ್ಪಿಯ ಗೆರೆ ಚಂದ ಉಂಟು. ಮೂಗು ಮರದ್ದು. ಆದರೆ ಈ ಎಡಗೆನ್ನೆ! ಬೆಳಕು ಎಷ್ಟು ಮೆತ್ತಗೆ ಇಳಿದಿದೆ. ಇದನ್ನು ಯಾವುದರಿಂದ ಮಾಡಿದೆ ಮಾರಾಯ?"

ಒಂದು ಒಳ್ಳೆಯ ಸುಳ್ಳು ಪೂವಪ್ಪನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಬಾಗಿಲ ಮರೆಯಿಂದ ಹರಿಣಾಕ್ಷಿ ಹೇಳಿಯೇಬಿಟ್ಟಳು.

"ನಾಲಗೆಯಿಂದ, ಮಾಸ್ಟ್ರೇ."

ಪೂವಪ್ಪ ತಲೆ ತಗ್ಗಿಸಿ ಬೂತಾಯಿ ಎಣ್ಣೆಯಿಂದ ಬೆಕ್ಕಿನವರೆಗೆ ಎಲ್ಲವನ್ನೂ ಒಪ್ಪಿಕೊಂಡ. ಬೊಳ್ಳಿ ಜಗಲಿಯ ಮೂಲೆಯಲ್ಲಿ ಕುಳಿತು ಮೀಸೆ ಒರೆಸಿಕೊಳ್ಳುತ್ತಿತ್ತು. ಮಾಸ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕು, ಕೊಡೆ ಕಂಕುಳಲ್ಲಿ ಸಿಕ್ಕಿಸಿ ಹೊರಟುನಿಂತರು.

"ಟೊಪ್ಪಿಯಾದರೂ ನಿನ್ನದೇ ಅಲ್ವಾ? ಸಾಕು, ಕೈ ಉಂಟು ನಿನಗೆ. ನಾಳೆಯಿಂದ ಬಾ, ಅಗಸೆ ಎಣ್ಣೆ ನಾನೇ ಕೊಡ್ತೇನೆ."

ಪೂವಪ್ಪ ಕಾಲಿಗೆ ಬೀಳಲು ಬಗ್ಗಿದ.

"ಆದರೆ ಕೆನ್ನೆ ಬರೆಯುವ ದಿನ," ಎಂದರು ಮಾಸ್ಟ್ರು, "ಬೆಕ್ಕನ್ನೂ ಕರ್ಕೊಂಡು ಬಾ."