ಮೂರು ಭಾಗದ ತಟ್ಟೆ

ಚನ್ನಬಸಪ್ಪನ ಕಷ್ಟಕ್ಕೆಲ್ಲ ಕಾರಣ ಒಂದು ಸ್ಟೀಲ್ ತಟ್ಟೆ. ಮಗಳು ನಿಶ್ಚಿತಾ ಕಡೂರಿನಲ್ಲಿ ಡಯಟೀಷಿಯನ್. ಯಾರು ಏನನ್ನು ಎಷ್ಟು ತಿನ್ನಬೇಕೆಂದು ಊರಿಗೆಲ್ಲ ಹೇಳುವವಳು ಹೆತ್ತಪ್ಪನನ್ನು ಬಿಡುತ್ತಾಳೆಯೇ? ತಟ್ಟೆಯಲ್ಲಿ ಮೂರು ಭಾಗ. ದೊಡ್ಡದಕ್ಕೆ ಸೊಪ್ಪು, ತರಕಾರಿ. ಉಳಿದೆರಡಕ್ಕೆ ಹುರುಳಿಕಾಳು ಮತ್ತು ನಿಂಬೆಹಣ್ಣಿನಷ್ಟು ರಾಗಿಮುದ್ದೆ.

"ನಿನ್ನ ಮೈಗೆ ಬೇಕಾಗಿರೋ ಕ್ಯಾಲೊರಿ ಇಷ್ಟೇ ಕಣಪ್ಪ. ಅದ್ರಲ್ಲೇ ಸತ್ವ ಇರೋದನ್ನ ಹೊಟ್ಟೆ ತುಂಬ ತಿನ್ನು. ಸಂಜೆ ತೂಕ ನೋಡ್ತೀನಿ," ಎಂದಳು.

ಸಕ್ಕರೆ ಕಾಯಿಲೆ ಬಾಗಿಲಲ್ಲೇ ನಿಂತಿದೆ ಎಂದು ಡಾಕ್ಟರು ಹೇಳಿದಂದಿನಿಂದ ಚನ್ನಬಸಪ್ಪನೂ ಪಥ್ಯ ತಪ್ಪುವುದಿಲ್ಲವೆಂದು ಮಗಳಿಗೆ ಮಾತು ಕೊಟ್ಟು ಹಟ ಹಿಡಿದಿದ್ದ. ಆದರೂ ಮಗಳು ಮದುವೆಯಾಗಿ ಗಂಡಿನ ಊರು ಚೌಳಹಿರಿಯೂರಿಗೆ ಹೋದರೆ ವಾರಕ್ಕೊಂದು ಹೋಳಿಗೆಯಾದರೂ ಸಿಕ್ಕೀತೆಂಬುದು ಅವನ ಗುಟ್ಟಿನ ಆಸೆ. ಇವತ್ತು ಆ ಮದುವೆಯ ಮಾತು ಮುಗಿಸಲೆಂದೇ ಕಡೂರಿನಿಂದ ಅಲ್ಲಿಗೆ ಹೊರಟಿದ್ದ. ತಟ್ಟೆಯೂ ಚೀಲದಲ್ಲಿತ್ತು.

ಜೊತೆಗೆ ಹೊರಟ ಪಕ್ಕದ ಮನೆಯ ಲಕ್ಕಣ್ಣ ಬಸ್ಸಿನಲ್ಲೇ ಎಚ್ಚರಿಸಿದ. "ಬೀಗರ ಮನೇಲಿ ಊಟ ಬ್ಯಾಡ ಅನ್ಬ್ಯಾಡ ಕಣೋ. ಸಂಬಂಧನೇ ಬ್ಯಾಡ ಅಂತ ತಿಳ್ಕೋತಾರೆ."

"ಸಾಯ್ಲಿ, ನಾನು ಮಾತು ತಪ್ಪಲ್ಲ," ಎಂದ ಚನ್ನಬಸಪ್ಪ.

ಬೀಗರ ಮನೆಯಲ್ಲಿ ಬಾಳೆ ಎಲೆ ಹಾಕಿದರು. ಚನ್ನಬಸಪ್ಪ ಎಲೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಚೀಲದಿಂದ ತಟ್ಟೆ ತೆಗೆದಿಟ್ಟ. ಹೋಳಿಗೆ ಹಿಡಿದು ಬಂದ ಬೀಗಿತಿ ಸುಲೋಚನಮ್ಮ ಇದ್ದಲ್ಲೇ ನಿಂತರು.

"ನಮ್ಮನೆ ಎಲೆ ಆಗಲ್ವಾ ಬೀಗ್ರೇ?" ಎಂದು ಅವರ ಗಂಡ ತೀರ್ಥಪ್ಪ ಕೇಳಿದರು.

"ಹಂಗಲ್ಲ, ಮಗಳ ಅಪ್ಪಣೆ. ಪಲ್ಯ, ಕೋಸಂಬರಿ ಜಾಸ್ತಿ ಹಾಕ್ಬಿಡಿ. ಹೋಳಿಗೆ ಬ್ಯಾಡ."

ಲಕ್ಕಣ್ಣ ಸಹಾಯಕ್ಕೆ ಬಂದ. "ಅವನು ಎಲ್ಲೋದ್ರೂ ಹಂಗೇ ಕಣ್ರೀ. ನಿಮ್ಮನೆ ಅಡುಗೆ ಚೆನ್ನಾಗಿಲ್ಲ ಅಂತೇನಲ್ಲ."

ಆ ಮಾತಿನಿಂದ ಸುಲೋಚನಮ್ಮನ ಕಣ್ಣು ತುಂಬಿತು. ಅಷ್ಟರಲ್ಲಿ ಆಚೆಮನೆಯ ಜವರಮ್ಮ ಕಿಟಕಿಯಲ್ಲಿ ಇಣುಕಿ, "ಸಂಬಂಧ ಮುರೀತಂತೆ?" ಎಂದಳು. ಮದುಮಗನಾಗಬೇಕಿದ್ದ ನಾಗೇಶನ ಮುಖ ಕಪ್ಪಿಟ್ಟಿತು. ಆ ಹುಡುಗನನ್ನು ನಿಶ್ಚಿತಾ ಮನಸಾರೆ ಒಪ್ಪಿದ್ದಳು. ಚನ್ನಬಸಪ್ಪ ತಟ್ಟೆಯನ್ನು ಚೀಲಕ್ಕೆ ಸೇರಿಸಿ, ಎಲೆಯನ್ನು ಮುಂದಕ್ಕೆಳೆದುಕೊಂಡು, ಮಗಳಿಗೋಸ್ಕರ ಎಂದು ಹಲ್ಲು ಕಚ್ಚಿ ಐದು ಹೋಳಿಗೆ ತಿಂದ. ತುಪ್ಪಕ್ಕೂ ಇಲ್ಲವೆನ್ನಲಿಲ್ಲ. ಅವನಿಗೆ ಸರಿಸಮನಾಗಿ ತೀರ್ಥಪ್ಪನವರೂ ತಿಂದರು.

ಎಲೆಅಡಿಕೆ ಹಾಕಿಕೊಳ್ಳುತ್ತ ತೀರ್ಥಪ್ಪ ಮೆಲ್ಲಗೆ ಕೇಳಿದರು. "ನಿಮ್ಮುಡುಗಿ ಎಲ್ಲರ ಊಟನೂ ಹಿಂಗೇ ನೋಡ್ತಾಳಾ?"

"ಮಾವ ಅಂತ ನಿಮ್ಮನ್ನೂ ಬಿಡಲ್ಲ ಬೀಗ್ರೇ," ಎಂದ ಚನ್ನಬಸಪ್ಪ, ಹೆಮ್ಮೆಯಿಂದ.

ತೀರ್ಥಪ್ಪ ಹೊಟ್ಟೆ ಸವರಿಕೊಂಡರು. "ಸಂಬಂಧ ಒಪ್ಪಿಗೆ. ಒಂದೇ ಮಾತು. ಇಬ್ರಿಗೂ ಕೆಲ್ಸ ಕಡೂರಲ್ಲೇ. ದಿನಾ ಬಸ್ಸಲ್ಲಿ ಯಾಕೆ ಒದ್ದಾಡ್ಬೇಕು? ಮದ್ವೆ ಆದ್ಮೇಲೂ ನಿಮ್ಮನೇಲೇ ಇರ್ಲಿ."

"ಎಂಥ ದೊಡ್ಡ ಮನಸ್ಸು," ಎಂದು ಲಕ್ಕಣ್ಣ ಕೈಮುಗಿದ. ಚನ್ನಬಸಪ್ಪ ಚೀಲದಲ್ಲಿದ್ದ ತಟ್ಟೆಯನ್ನು ಮುಟ್ಟಿ ನೋಡಿಕೊಂಡ.

ಸಂಜೆ ತೂಕದ ಯಂತ್ರದ ಮೇಲೆ ಅವನು ಕಣ್ಣುಮುಚ್ಚಿ ನಿಂತ. ನಿಶ್ಚಿತಾ ಮುಳ್ಳನ್ನು ನೋಡಿದಳು, ಆಮೇಲೆ ಅಪ್ಪನ ಅಂಗಿಯ ಮೇಲಿನ ತುಪ್ಪದ ಕಲೆಯನ್ನು.

"ಹೋಗ್ಲಿ ಬಿಡಪ್ಪ," ಎಂದಳು ಪ್ರೀತಿಯಿಂದ. "ನಿಧಾನಕ್ಕೆ ಇಳಿಸೋಣ. ಇನ್ನು ನಾನೇನು ಎಲ್ಲೂ ಹೋಗಲ್ವಲ್ಲ."