ಆರ್ವಲ್ ತಾನೇ ಕೊಯ್ದ ಹುಲ್ಲು

ಆರ್ವಲ್ ಹಾಸ್ಟೆಟರನ ಮೋವರ್ ಅಂಗಳದ ನಟ್ಟನಡುವೆ, ಬೀದಿಯವರೆಲ್ಲರ ಕಣ್ಣಿಗೂ ಬೀಳುವ ಜಾಗದಲ್ಲೇ ಕೆಮ್ಮಿ ನಿಂತಿತು. ಕೂತು ಓಡಿಸುತ್ತ ಹುಲ್ಲು ಕೊಯ್ಯುವ ಯಂತ್ರ ಅದು. ನಿಂತ ಮೇಲೂ ಅದರ ಮೇಲೇ ಕೂತಿರುವವನನ್ನು ಕಂಡರೆ ಯಾರಿಗಾದರೂ ನಗು ಬರುತ್ತದೆ. ಬಿಡದೆ ಸುರಿದ ಮಳೆಗೆ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಸಂಜೆ ಚರ್ಚಿನವರೆಲ್ಲ ಅದೇ ಅಂಗಳದಲ್ಲಿ ಊಟಕ್ಕೆ ಸೇರುವವರಿದ್ದರು.

“ಆಗ್ದಿದ್ರೆ ಹೇಳು ಆರ್ವಲ್, ಡ್ವೇನ್‌ನ ಕರೀತೀನಿ,” ಎಂದಳು ಹೆಂಡತಿ ಮಾರ್ಲೀನ್, ಅಡುಗೆಮನೆಯ ಕಿಟಕಿಯಿಂದ.

ಎದುರು ಮನೆಯ ಡ್ವೇನ್ ಕ್ರಿಬ್ಸನ ಅಂಗಳ ಇಸ್ತ್ರಿ ಮಾಡಿದ ಚಾದರದಂತಿರುತ್ತದೆ. ಅವನ ಕೈಯಲ್ಲಿ ತನ್ನ ಹುಲ್ಲು ಕೊಯ್ಯಿಸಿಕೊಂಡ ಗಂಡಸು ಒಹಾಯೋದ ಆ ಸಣ್ಣ ಊರಿನಲ್ಲಿ ತಲೆಯೆತ್ತಿ ತಿರುಗುವಂತಿಲ್ಲ. ಹೋದ ವರ್ಷ ಪಕ್ಕದ ಮನೆಯ ಲೊವೆಲ್ ಬೆನ್ನುನೋವೆಂದು ಒಮ್ಮೆ ಕೊಯ್ಯಿಸಿಕೊಂಡಿದ್ದ. ಅಂಚೆಯವನು ಇವತ್ತಿಗೂ ಅವನ ಬೆನ್ನು ವಿಚಾರಿಸುತ್ತಾನೆ. ಪ್ರಾಣ ಹೋದರೂ ತಾನೇ ಕೊಯ್ಯಬೇಕೆಂದು ಆರ್ವಲ್ ಹಲ್ಲು ಕಚ್ಚಿದ.

ಅಷ್ಟರಲ್ಲಿ ಡ್ವೇನ್ ಕಾಫಿ ಹಿಡಿದುಕೊಂಡು ರಸ್ತೆ ದಾಟಿ ಬಂದೇಬಿಟ್ಟ. “ನಾನು ಮಧ್ಯೆ ಬಾಯಿ ಹಾಕಲ್ಲಪ್ಪ. ಆದ್ರೂ ಪೆಟ್ರೋಲ್ ಸರಿಯಾಗಿ ಇಳೀತಿಲ್ಲ ಅನ್ಸುತ್ತೆ,” ಎಂದು, ಬಾಯಿ ಹಾಕಿಯೇ, ಫಿಲ್ಟರ್ ಬದಲಾಯಿಸುವಂತೆ ಮಾಡಿದ. ಮೋವರ್ ಮೇಪಲ್ ಮರದವರೆಗೆ ಓಡಿ ಪ್ರಾಣ ಬಿಟ್ಟಿತು.

ಬೇಲಿಯಾಚೆಯಿಂದ ಲೊವೆಲ್ ಬಂದ. ತನ್ನ ಜಾತಿಗೆ ಇನ್ನೊಬ್ಬ ಸೇರುತ್ತಾನೆಂಬ ಸಂತೋಷ ಅವನ ಮುಖದಲ್ಲಿ ಎದ್ದು ಕಾಣುತ್ತಿತ್ತು. ತಪ್ಪು ಕಾರ್ಬ್ಯುರೇಟರಿನದೇ ಎಂದು ಅವನು ತೀರ್ಪು ಕೊಟ್ಟ. ಮಾರ್ಲೀನಳ ಕೇಕಿನ ತಟ್ಟೆಯಲ್ಲಿ ಅದನ್ನು ಬಿಚ್ಚಿಟ್ಟರು, ತೊಳೆದರು. ಒಂದು ಸ್ಪ್ರಿಂಗ್ ಹಾರಿ ಹುಲ್ಲಿಗೆ ಬಿತ್ತು. ಮೂವರು ದೊಡ್ಡ ಗಂಡಸರು ಮಂಡಿಯೂರಿ ಅದನ್ನು ಹುಡುಕಿದ್ದನ್ನು ಬೀದಿಯೆಲ್ಲ ನೋಡಿತು. ಮತ್ತೆ ಜೋಡಿಸಿದಾಗ ಮೋವರ್ ಅಂಚೆಡಬ್ಬಿಯವರೆಗೆ ಹೋಗಿ ನಿಂತಿತು. ಡ್ವೇನ್ ಪೆಟ್ರೋಲ್ ಪೈಪ್ ಊದಲು ಹೋಗಿ ಬಾಯ್ತುಂಬ ಕುಡಿದ, ಉಗಿದ. ಆದರೂ ಅವನ ಉತ್ಸಾಹ ಕುಗ್ಗಲಿಲ್ಲ.

“ನನ್ನ ಮೋವರ್ ತರ್ಲಾ? ಹೆಂಗೂ ಸುಮ್ನೆ ನಿಂತಿದೆ.”

ಬೇಡವೆಂದು ಆರ್ವಲ್ ಎಷ್ಟು ಜೋರಾಗಿ ಹೇಳಿದನೆಂದರೆ, ಮಾರ್ಲೀನ್ ಆಲೂಗಡ್ಡೆ ಬಿಟ್ಟು ಹೊರಗೆ ಓಡಿಬಂದಳು.

ಸಂಜೆಯ ಊಟಕ್ಕೆ ಸಿದ್ಧರಾಗಲು ಡ್ವೇನ್, ಲೊವೆಲ್ ಇಬ್ಬರೂ ತಂತಮ್ಮ ಮನೆಗೆ ಹೋದರು. ಒಂಟಿಯಾದ ಆರ್ವಲ್, ಪೆಟ್ರೋಲ್ ಇದೆಯೋ ಇಲ್ಲವೋ ನೋಡೋಣವೆಂದು ಟ್ಯಾಂಕಿನ ಮುಚ್ಚಳ ತಿರುಗಿಸಿದ. ಟ್ಯಾಂಕು ಬುಸ್ಸೆಂದು ಉಸಿರೆಳೆದುಕೊಂಡಿತು. ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ತೂತಿಗೆ ಯಾವುದೋ ಕಡಜ ಮಣ್ಣು ಮೆತ್ತಿ ಮನೆ ಕಟ್ಟಿತ್ತು. ಗಾಳಿ ಒಳಗೆ ಹೋಗದೆ ಪೆಟ್ರೋಲ್ ಕೆಳಗಿಳಿಯುವುದಾದರೂ ಹೇಗೆ? ಮೂಗು ಕಟ್ಟಿದವನ ಹೊಟ್ಟೆ ಕೊಯ್ದು ನೋಡಿದಂತಾಗಿತ್ತು ಅವರ ಇಷ್ಟು ಹೊತ್ತಿನ ರಿಪೇರಿ. ಪಿನ್ನಿನಿಂದ ಚುಚ್ಚಿ ಮಣ್ಣು ತೆಗೆದ. ಮೋವರ್ ಹಾಡಿಕೊಂಡು ಓಡಿತು. ಇಡೀ ಅಂಗಳವನ್ನು ಆರ್ವಲ್ ಒಬ್ಬನೇ ಕೊಯ್ದ. ಬೀದಿಯವರೆಲ್ಲ ಸ್ನಾನಕ್ಕೆ ಹೋಗಿದ್ದರು. ನೋಡಲು ಒಂದು ನಾಯಿಯೂ ಇರಲಿಲ್ಲ.

ಸಂಜೆ ಪಾಸ್ಟರ್ ನೀಲ್ ಅಂಗಳವನ್ನು ಕಣ್ತುಂಬ ನೋಡಿ, ಇಷ್ಟು ಚೆಂದದ ಕೆಲಸ ತಾವು ಕಂಡಿಲ್ಲವೆಂದರು. ಆರ್ವಲ್‌ನ ಎದೆ ಉಬ್ಬಿತು. ಆದರೆ ಆ ಊರಿನಲ್ಲಿ ಹೊಗಳಿಕೆಯನ್ನು ಮುಖಕ್ಕೆ ಮುಖ ಕೊಟ್ಟು ಒಪ್ಪಿಕೊಳ್ಳುವುದೆಂದರೆ, ತಟ್ಟೆಯಲ್ಲಿ ಉಳಿದ ಕೊನೆಯ ಚೂರನ್ನು ಬಾಚಿಕೊಂಡಷ್ಟೇ ಅಸಹ್ಯ. ಎದೆ ಏನೆಂದರೇನು, ನಾಲಿಗೆ ರೂಢಿಯ ದಾರಿ ಹಿಡಿಯಿತು.

“ಅಯ್ಯೋ, ನಾನೇನ್ ಮಾಡ್ದೆ ಬಿಡಿ. ಎಲ್ಲಾ ಡ್ವೇನ್ ಮಾಡಿದ್ದು.”

ಈಗ ಡ್ವೇನ್ ಅದನ್ನು ಅಲ್ಲಗಳೆದು ಹೊಗಳಿಕೆಯನ್ನು ವಾಪಸು ಕೊಡಬೇಕಿತ್ತು. ಡ್ವೇನ್ ಕೂಡ ಅದೇ ಊರಿನವನು, ಅಷ್ಟೇ ಸಂಕೋಚದವನು. ನೆಲ ನೋಡುತ್ತ, “ಏ, ಅದೇನ್ ಮಹಾ. ನೆರೆಯವ್ರು ಅಂದ್ಮೇಲೆ ಇದ್ದಿದ್ದೇ,” ಎಂದುಬಿಟ್ಟ.

ಆರ್ವಲ್ ಬಾಯಿ ತೆರೆಯುವಷ್ಟರಲ್ಲಿ ಎಲ್ಲರೂ ಕೈ ಕೈ ಹಿಡಿದು ತಲೆ ಬಾಗಿಸಿದ್ದರು. ಪಾಸ್ಟರ್ ಪ್ರಾರ್ಥನೆ ಶುರು ಮಾಡಿದರು:

“ಈ ಊಟಕ್ಕಾಗಿ, ಈ ಒಳ್ಳೆ ಸಂಜೆಗಾಗಿ, ಕಷ್ಟದಲ್ಲಿದ್ದ ಆರ್ವಲ್‌ನ ಹುಲ್ಲು ಕೊಯ್ದುಕೊಟ್ಟ ನಮ್ಮ ಡ್ವೇನ್‌ಗಾಗಿ, ಕರ್ತನೇ, ನಿನಗೆ ವಂದನೆ.”

ದೇವರ ಜೊತೆ ನಡೆಯುತ್ತಿರುವ ಮಾತಿಗೆ ಅಡ್ಡ ಬಾಯಿ ಹಾಕಿ ತಿದ್ದುವುದು ಹೇಗೆ? ಪಕ್ಕದಲ್ಲಿದ್ದ ಲೊವೆಲ್ ಆರ್ವಲ್‌ನ ಕೈಯನ್ನು ಬಂಧುವಿನಂತೆ ಮೆತ್ತಗೆ ಅದುಮಿದ. ಎಲ್ಲರೂ ಆಮೆನ್ ಎಂದರು. ಮಾರ್ಲೀನ್ ಮೊಣಕೈಯಿಂದ ತಿವಿದಳು.

“ಆಮೆನ್,” ಎಂದ ಆರ್ವಲ್.